ಬಾಡಿಗೆ ಕಾರಿನ ಕೀಲಿಯೊಂದಿಗೆ ಬರುವ ಹೊಣೆ: ವಿದೇಶಕ್ಕೆ ಹೊರಡುವ ವರ್ತಕರು ಅರಿತಿರಬೇಕಾದ ವಿಮಾ ವಿಚಾರಗಳು

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ವರ್ತಕ ಕುಟುಂಬಗಳಿಗೆ ವಿದೇಶ ಪ್ರಯಾಣವು ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಗಳಲ್ಲಿ ಉದ್ಯೋಗದಲ್ಲಿರುವ ಮಕ್ಕಳ ಮನೆಗೆ ಹೋಗಿಬರುವ ತಂದೆತಾಯಿಗಳಿದ್ದಾರೆ. ಅಡಿಕೆ, ಶುಂಠಿ, ಅನಾನಸ್, ಮೆಕ್ಕೆಜೋಳಗಳ ವಹಿವಾಟಿನವರು, ಅಕ್ಕಿ ಗಿರಣಿ ನಡೆಸುವವರು, ಗುಡಿಗಾರರ ಕೆತ್ತನೆಗೆ ಹೆಸರಾದ ಸೊರಬದ ಕರಕುಶಲ ವಸ್ತುಗಳಿಗೆ ಹೊಸ ಮಾರುಕಟ್ಟೆ ಅರಸುವವರು ದುಬೈ ಅಥವಾ ಯೂರೋಪಿನ ವಸ್ತುಪ್ರದರ್ಶನಗಳತ್ತ ಮುಖ ಮಾಡುವುದೂ ಉಂಟು. ಹೀಗೆ ಹೊರಡುವವರು ವಿಮಾನದ ಟಿಕೆಟ್ಟು, ವೀಸಾ, ವೈದ್ಯಕೀಯ ವಿಮೆಗಳ ಬಗ್ಗೆ ಸಾಕಷ್ಟು ವಿಚಾರಿಸುತ್ತಾರೆ. ಆದರೆ ಅಲ್ಲಿ ಇಳಿದ ಮೇಲೆ ಬಾಡಿಗೆಗೆ ಪಡೆಯುವ ಕಾರಿನ ವಿಮೆಯ ಬಗ್ಗೆ ಮುಂಚಿತವಾಗಿ ವಿಚಾರಿಸುವವರು ಕಡಿಮೆ.

ಇದಕ್ಕೆ ಕಾರಣ ನಮ್ಮ ಊರುಗಳ ರೂಢಿಯಲ್ಲಿಯೇ ಇದೆ. ಶಿರಾಳಕೊಪ್ಪದಲ್ಲಾಗಲಿ ಆನವಟ್ಟಿಯಲ್ಲಾಗಲಿ ‘ಬಾಡಿಗೆ ಕಾರು’ ಎಂದರೆ ಚಾಲಕನ ಸಮೇತ ಬರುವ ಕಾರು. ಬಾಡಿಗೆ ಕೊಟ್ಟವರು ಹಿಂದಿನ ಆಸನದಲ್ಲಿ ಕುಳಿತು ಚಂದ್ರಗುತ್ತಿಗೋ ಬಳ್ಳಿಗಾವಿಗೋ ಹೋಗಿಬರುತ್ತಾರೆ. ದಾರಿಯಲ್ಲಿ ಅಪಘಾತವಾದರೆ ಕಾನೂನಿನ ಪ್ರಶ್ನೆಗಳು ಎದುರಾಗುವುದು ಚಾಲಕನಿಗೆ, ಕಾರಿನ ಮಾಲೀಕನಿಗೆ ಮತ್ತು ವಿಮಾ ಕಂಪನಿಗೆ. ವಿದೇಶಗಳಲ್ಲಿ ಬಾಡಿಗೆ ಕಾರೆಂದರೆ ಸಾಮಾನ್ಯವಾಗಿ ಚಾಲಕನಿಲ್ಲದ ಕಾರು. ಕರಾರುಪತ್ರಕ್ಕೆ ಸಹಿ ಹಾಕಿ ಕೀಲಿ ಪಡೆದ ಕ್ಷಣದಿಂದ ಚಾಲಕನ ಸ್ಥಾನವೂ ಅದರ ಹೊಣೆಯೂ ಪ್ರಯಾಣಿಕನದೇ ಆಗುತ್ತವೆ.

ಆ ಕೌಂಟರಿನಲ್ಲಿ ನಾಲ್ಕಾರು ಬಗೆಯ ರಕ್ಷಣೆಗಳನ್ನು ಒಂದರ ಮೇಲೊಂದರಂತೆ ಮುಂದಿಡಲಾಗುತ್ತದೆ. ಯಾವುದು ಅಗತ್ಯ, ಯಾವುದು ಅನಗತ್ಯ ಎಂಬುದನ್ನು ದೀರ್ಘ ಪ್ರಯಾಣದ ಆಯಾಸದಲ್ಲಿ ನಿರ್ಧರಿಸುವುದು ಕಷ್ಟ. ಈ ವಿಷಯವನ್ನು ಊರಿನಲ್ಲಿಯೇ ಸಾವಧಾನವಾಗಿ ತಿಳಿದುಕೊಳ್ಳಲು ನೆರವಾಗುವುದು ಈ ಲೇಖನದ ಉದ್ದೇಶ.

ಊರಿನ ವಿಮಾಪತ್ರದಲ್ಲಿರುವ ಎರಡು ಭಾಗಗಳು

ವಿದೇಶದ ಪದ್ಧತಿಯನ್ನು ಅರಿಯಲು ನಮ್ಮ ಮನೆಯ ಕಾರಿನ ವಿಮಾಪತ್ರವೇ ಉತ್ತಮ ಪಾಠ. ಅದರಲ್ಲಿ ಮುಖ್ಯವಾಗಿ ಎರಡು ಭಾಗಗಳಿರುತ್ತವೆ.

ಮೊದಲನೆಯದು ಥರ್ಡ್ ಪಾರ್ಟಿ ವಿಮೆ. ವಿಮೆ ಮಾಡಿಸಿದವನು ಮೊದಲನೆಯ ಪಕ್ಷ, ವಿಮಾ ಕಂಪನಿ ಎರಡನೆಯ ಪಕ್ಷ. ರಸ್ತೆಯಲ್ಲಿ ಗಾಯಗೊಂಡವನು ಅಥವಾ ಆಸ್ತಿ ಕಳೆದುಕೊಂಡವನು ಮೂರನೆಯ ವ್ಯಕ್ತಿ. 1988ರ ಮೋಟಾರು ವಾಹನಗಳ ಕಾಯಿದೆಯ 146ನೇ ಕಲಂ ಈ ವಿಮೆಯನ್ನು ಕಡ್ಡಾಯಗೊಳಿಸಿದೆ. ಮೂರನೆಯ ವ್ಯಕ್ತಿಯ ಸಾವು ಅಥವಾ ಗಾಯಕ್ಕೆ ನ್ಯಾಯಮಂಡಳಿ ಎಷ್ಟು ಪರಿಹಾರ ನಿಗದಿಪಡಿಸಿದರೂ ವಿಮಾ ಕಂಪನಿಯ ಹೊಣೆಗೆ ಮೇಲ್ಮಿತಿ ಇಲ್ಲ. ಆಸ್ತಿ ಹಾನಿಗೆ ಮಾತ್ರ ಕಾರುಗಳ ವಿಷಯದಲ್ಲಿ 7.5 ಲಕ್ಷ ರೂಪಾಯಿಗಳ ಮಿತಿ ಇದೆ.

ಎರಡನೆಯದು ಸ್ವಂತ ವಾಹನದ ಹಾನಿಗೆ ಸಂಬಂಧಿಸಿದ ವಿಮೆ. ಇದು ಮಾಲೀಕನ ಇಚ್ಛೆಗೆ ಬಿಟ್ಟದ್ದು. ಇಲ್ಲಿ ದುರಸ್ತಿಯ ವೆಚ್ಚದಲ್ಲಿ ಒಂದು ಚಿಕ್ಕ ಮೊತ್ತವನ್ನು ಮಾಲೀಕನೇ ಭರಿಸಬೇಕು. 1500 ಸಿ.ಸಿ.ವರೆಗಿನ ಖಾಸಗಿ ಕಾರುಗಳಿಗೆ ಈ ಕಡ್ಡಾಯ ಕಡಿತ 1,000 ರೂಪಾಯಿ. ಅದಕ್ಕಿಂತ ದೊಡ್ಡ ಕಾರುಗಳಿಗೆ 2,000 ರೂಪಾಯಿ.

ಇವೆರಡಕ್ಕೂ ಅನ್ವಯಿಸುವ ಮತ್ತೊಂದು ಅಂಶವೆಂದರೆ ಬಳಕೆಯ ಷರತ್ತು. ಬಿಳಿ ಬೋರ್ಡಿನ ಕಾರನ್ನು ಪರಿಚಯಸ್ಥರ ಜಾತ್ರೆಗೋ ಮದುವೆಗೋ ಹಣ ಪಡೆದು ಬಾಡಿಗೆಗೆ ಬಿಡುವ ರೂಢಿ ಅನೇಕ ಕಡೆ ಇದೆ. ಅಂತಹ ಓಡಾಟದಲ್ಲಿ ಅಪಘಾತವಾದರೆ, ಖಾಸಗಿ ಬಳಕೆಯ ಷರತ್ತು ಮುರಿಯಿತೆಂದು ವಿಮಾ ಕಂಪನಿಯು ಸ್ವಂತ ಹಾನಿಯ ಕ್ಲೇಮನ್ನು ತಿರಸ್ಕರಿಸಬಹುದು. ಭಾರತದಲ್ಲಿಯೂ ಚಾಲಕನಿಲ್ಲದೆ ಕಾರು ಬಾಡಿಗೆಗೆ ಕೊಡಲು 1989ರ ರೆಂಟ್ ಎ ಕ್ಯಾಬ್ ಯೋಜನೆಯಂತೆ ಪ್ರತ್ಯೇಕ ಪರವಾನಗಿ ಬೇಕು. ಅಂತಹ ಕಾರುಗಳ ಕಪ್ಪು ಫಲಕದ ಮೇಲೆ ಹಳದಿ ಅಕ್ಷರಗಳಿರುತ್ತವೆ.

ಇನ್ನೊಬ್ಬರಿಗೆ ಆಗುವ ಹಾನಿ, ಕಾರಿಗೆ ಆಗುವ ಹಾನಿ, ಬಳಕೆಯ ಷರತ್ತು — ಈ ಮೂರನ್ನು ನೆನಪಿನಲ್ಲಿಟ್ಟುಕೊಂಡರೆ ಯಾವ ದೇಶದ ಕರಾರುಪತ್ರವನ್ನೂ ಓದಬಹುದು.

ಕೌಂಟರಿನಲ್ಲಿ ಕೇಳಿಬರುವ ಹೆಸರುಗಳು

ಕೊಲಿಷನ್ ಡ್ಯಾಮೇಜ್ ವೇವರ್: ಸಂಕ್ಷೇಪವಾಗಿ ಸಿ.ಡಿ.ಡಬ್ಲ್ಯು. ಬಾಡಿಗೆ ಕಾರು ಜಖಂಗೊಂಡರೆ ಅದರ ವೆಚ್ಚವನ್ನು ಗ್ರಾಹಕನಿಂದ ವಸೂಲು ಮಾಡುವ ಹಕ್ಕನ್ನು ಕಂಪನಿಯು ಪೂರ್ತಿಯಾಗಿ ಅಥವಾ ಭಾಗಶಃ ಬಿಟ್ಟುಕೊಡುವುದು. ಕಳವನ್ನೂ ಸೇರಿಸಿದರೆ ಅಮೆರಿಕದಲ್ಲಿ ಅದನ್ನು ಲಾಸ್ ಡ್ಯಾಮೇಜ್ ವೇವರ್ ಎನ್ನುತ್ತಾರೆ. ಯೂರೋಪಿನಲ್ಲಿ ಕಳವಿನ ರಕ್ಷಣೆ ಪ್ರತ್ಯೇಕ ಹೆಸರಿನಲ್ಲಿ ಇರುವುದುಂಟು.

ಎಕ್ಸೆಸ್ ಅಥವಾ ಡಿಡಕ್ಟಿಬಲ್: ಮನ್ನಾ ಇದ್ದಾಗಲೂ ಗ್ರಾಹಕನೇ ಭರಿಸಬೇಕಾದ ಆರಂಭದ ಮೊತ್ತ. ನಮ್ಮಲ್ಲಿ ಇದು ಒಂದೆರಡು ಸಾವಿರ ರೂಪಾಯಿಯಾದರೆ ಅಲ್ಲಿ ಸಾವಿರಾರು ಯೂರೊ ಆಗಿರಬಹುದು.

ಸಪ್ಲಿಮೆಂಟಲ್ ಲಯಬಿಲಿಟಿ ಇನ್ಶೂರೆನ್ಸ್: ಮೂರನೆಯ ವ್ಯಕ್ತಿಗೆ ಕೊಡಬೇಕಾದ ಪರಿಹಾರಕ್ಕಾಗಿ, ಕಾನೂನಿನ ಕನಿಷ್ಠ ಮೊತ್ತದ ಮೇಲೆ ಕೊಳ್ಳುವ ಹೆಚ್ಚುವರಿ ವಿಮೆ. ಮುಖ್ಯವಾಗಿ ಅಮೆರಿಕದಲ್ಲಿ ಈ ಹೆಸರು ಕೇಳಿಬರುತ್ತದೆ.

ಪರ್ಸನಲ್ ಆಕ್ಸಿಡೆಂಟ್ ಇನ್ಶೂರೆನ್ಸ್: ಚಾಲಕ ಮತ್ತು ಸಹಪ್ರಯಾಣಿಕರ ಗಾಯ ಅಥವಾ ಸಾವಿಗೆ ಸಂಬಂಧಿಸಿದ್ದು. ಇದರೊಂದಿಗೆ ಸಾಮಾನು ಸರಂಜಾಮಿನ ರಕ್ಷಣೆಯನ್ನೂ ಮಾರಲಾಗುತ್ತದೆ. ಊರಿನಲ್ಲಿ ಉತ್ತಮ ಪ್ರವಾಸ ವಿಮೆ ಮಾಡಿಸಿದವರು ಇದನ್ನು ಕೊಳ್ಳುವ ಮುನ್ನ ಎರಡನ್ನೂ ಹೋಲಿಸಿ ನೋಡಬೇಕು. ಒಂದೇ ಅಪಾಯಕ್ಕೆ ಎರಡು ಬಾರಿ ಹಣ ತೆತ್ತಂತಾಗಬಾರದು.

ಇವುಗಳಲ್ಲಿ ಕೌಂಟರಿನಲ್ಲಿ ಅತಿ ಹೆಚ್ಚು ಒತ್ತಾಯದಿಂದ ಮಾರಾಟವಾಗುವುದು ಮೊದಲನೆಯದು. ಗ್ರಾಹಕನ ಕಣ್ಣೆದುರಿಗೆ ಹೊಳೆಯುವ ಹೊಸ ಕಾರು ಇರುವುದರಿಂದ ಅವನ ಭಯವೂ ಅದರ ಬಗ್ಗೆಯೇ ಇರುತ್ತದೆ. ಆದರೆ ವ್ಯಾಪಾರಿಯ ದೃಷ್ಟಿಯಿಂದ ಲೆಕ್ಕ ಹಾಕಿದರೆ ಚಿತ್ರ ಬೇರೆ. ಕಾರಿನ ನಷ್ಟ ಎಷ್ಟೇ ಆದರೂ ಕಾರಿನ ಬೆಲೆ ಮತ್ತು ಅದರ ಜೊತೆಗಿನ ಕೆಲವು ಶುಲ್ಕಗಳಿಗೆ ಸೀಮಿತ. ಮನುಷ್ಯನೊಬ್ಬನಿಗೆ ಆಗುವ ಗಾಯದ ಬೆಲೆಗೆ ಅಂತಹ ಮಿತಿ ಇಲ್ಲ. ಆದ್ದರಿಂದ ಮೊದಲು ವಿಚಾರಿಸಬೇಕಾದದ್ದು ಮೂರನೆಯ ವ್ಯಕ್ತಿಯ ಬಗ್ಗೆ, ಆನಂತರ ಕಾರಿನ ಬಗ್ಗೆ.

ಅಮೆರಿಕದಲ್ಲಿ ಹೊಣೆಗಾರಿಕೆಯ ಲೆಕ್ಕ

ಅಮೆರಿಕದಲ್ಲಿ ವಾಹನ ವಿಮೆಯ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತವೆ. ಕನ್ನಡಿಗರು ಹೆಚ್ಚಾಗಿ ನೆಲೆಸಿರುವ ಕ್ಯಾಲಿಫೋರ್ನಿಯದಲ್ಲಿ ಕಾನೂನು ಬೇಡುವ ಕನಿಷ್ಠ ರಕ್ಷಣೆ ಬಹುಕಾಲ ಒಬ್ಬ ಗಾಯಾಳುವಿಗೆ 15,000 ಡಾಲರ್, ಒಂದು ಅಪಘಾತದ ಎಲ್ಲ ಗಾಯಾಳುಗಳಿಗೆ 30,000 ಡಾಲರ್, ಆಸ್ತಿ ಹಾನಿಗೆ 5,000 ಡಾಲರ್ ಆಗಿತ್ತು. 2025ರ ಜನವರಿ 1ರಿಂದ ಇದು ಅನುಕ್ರಮವಾಗಿ 30,000, 60,000 ಮತ್ತು 15,000 ಡಾಲರ್‌ಗಳಿಗೆ ಏರಿದೆ. ಟೆಕ್ಸಾಸ್ ರಾಜ್ಯದಲ್ಲಿ ಈ ಮೊತ್ತಗಳು 30,000, 60,000 ಮತ್ತು 25,000 ಡಾಲರ್.

ಮೇಲ್ನೋಟಕ್ಕೆ ದೊಡ್ಡದೆನಿಸಿದರೂ ಅಲ್ಲಿನ ಆಸ್ಪತ್ರೆಗಳ ದರದ ಮುಂದೆ ಇದು ಅಲ್ಪ. ಒಂದು ಕಾಲ್ಪನಿಕ ಉದಾಹರಣೆಯನ್ನು ನೋಡಬಹುದು. ಶಿರಾಳಕೊಪ್ಪದ ಶುಂಠಿ ವರ್ತಕರೊಬ್ಬರು ಕ್ಯಾಲಿಫೋರ್ನಿಯದಲ್ಲಿ ಕಾರು ಬಾಡಿಗೆಗೆ ಪಡೆದು, ಕಾರಿನ ಹಾನಿಗೆ ಪೂರ್ಣ ಮನ್ನಾ ಕೊಂಡಿದ್ದಾರೆ. ಹೆಚ್ಚುವರಿ ಹೊಣೆಗಾರಿಕೆ ವಿಮೆಯನ್ನು ಬೇಡವೆಂದಿದ್ದಾರೆ. ತಿರುವಿನಲ್ಲಿ ಅವರ ಕಾರು ಪಾದಚಾರಿಯೊಬ್ಬರಿಗೆ ತಾಗಿ ಮೂಳೆ ಮುರಿಯುತ್ತದೆ. ಚಿಕಿತ್ಸೆ ಮತ್ತು ದುಡಿಮೆಯ ನಷ್ಟ ಸೇರಿ ಪರಿಹಾರ 2,00,000 ಡಾಲರ್ ಎಂದು ನಿರ್ಧಾರವಾಗುತ್ತದೆ. ಕನಿಷ್ಠ ರಕ್ಷಣೆ ಇದ್ದರೆ ಅದರಿಂದ ಬರುವುದು 30,000 ಡಾಲರ್. ಉಳಿದ 1,70,000 ಡಾಲರ್ ವರ್ತಕರದೇ ಹೊಣೆ. ಲೆಕ್ಕದ ಅನುಕೂಲಕ್ಕಾಗಿ ಡಾಲರಿಗೆ 90 ರೂಪಾಯಿ ಎಂದು ಹಿಡಿದರೆ ಅದು 1 ಕೋಟಿ 53 ಲಕ್ಷ ರೂಪಾಯಿ. ಕಾರಿನ ಮೇಲಿನ ಗೀರಿಗೆ ಒಂದು ಡಾಲರನ್ನೂ ಕೊಡಬೇಕಾಗಿಲ್ಲ ಎಂಬುದು ಆಗ ಸಮಾಧಾನದ ಸಂಗತಿಯಾಗಲಾರದು.

‘ಕಾರು ಕಂಪನಿಯದು, ಅದೇ ನೋಡಿಕೊಳ್ಳುತ್ತದೆ’ ಎಂಬ ನಂಬಿಕೆಗೂ ಅಲ್ಲಿ ಆಧಾರವಿಲ್ಲ. ಬಾಡಿಗೆ ಕಂಪನಿಯ ತಪ್ಪಿಲ್ಲದಿದ್ದಾಗ, ಕೇವಲ ಕಾರಿನ ಮಾಲೀಕತ್ವದ ಕಾರಣಕ್ಕೆ ಗ್ರಾಹಕನ ಅಪಘಾತಕ್ಕೆ ಕಂಪನಿಯನ್ನು ಹೊಣೆಯಾಗಿಸುವಂತಿಲ್ಲ ಎಂದು 2005ರ ಗ್ರೇವ್ಸ್ ತಿದ್ದುಪಡಿ ಎಂಬ ಕೇಂದ್ರ ಕಾನೂನು ಹೇಳುತ್ತದೆ. ರಾಜ್ಯಗಳು ವಿಧಿಸಿರುವ ಕನಿಷ್ಠ ವಿಮೆಯ ನಿಯಮಗಳು ಮಾತ್ರ ಉಳಿದಿವೆ. ಅಮೆರಿಕದ ನಿವಾಸಿಯ ಬಳಿ ಅವನ ಸ್ವಂತ ಕಾರಿನ ವಿಮೆ ಇರುತ್ತದೆ. ಅದು ಬಹುಪಾಲು ಬಾಡಿಗೆ ಕಾರಿಗೂ ವಿಸ್ತರಿಸುತ್ತದೆ. ಅದನ್ನು ನಂಬಿ ಅವನು ಕೌಂಟರಿನಲ್ಲಿ ‘ಬೇಡ’ ಎನ್ನಬಹುದು. ಭಾರತದಿಂದ ಹೋದವರಿಗೆ ಅಂತಹ ಆಸರೆ ಇಲ್ಲದಿರುವುದರಿಂದ ಅವರನ್ನು ಅನುಕರಿಸುವುದು ತರವಲ್ಲ.

ಇದಕ್ಕೊಂದು ಸುಲಭ ದಾರಿಯಿದೆ. ಮುಂಗಡವಾಗಿ ಕಾರು ಕಾಯ್ದಿರಿಸುವಾಗ ವಾಸದ ದೇಶ ಭಾರತ ಎಂದು ನಮೂದಿಸಿದರೆ, ಹಾನಿ ಮನ್ನಾ ಮತ್ತು ಹೆಚ್ಚುವರಿ ಹೊಣೆಗಾರಿಕೆ ವಿಮೆ ಎರಡನ್ನೂ ಒಳಗೊಂಡ ದರವನ್ನು ಕೆಲವು ಕಂಪನಿಗಳು ನೀಡುತ್ತವೆ. ಕೌಂಟರಿನಲ್ಲಿ ಒಂದೊಂದಾಗಿ ಕೊಳ್ಳುವುದಕ್ಕಿಂತ ಇದು ಅಗ್ಗವಾಗಿರುವುದುಂಟು. ಆ ದರಪತ್ರದ ಪ್ರತಿಯನ್ನು ಕೈಯಲ್ಲಿಟ್ಟುಕೊಂಡರೆ ಅದೇ ರಕ್ಷಣೆಯನ್ನು ಎರಡನೆಯ ಬಾರಿ ಕೊಳ್ಳುವ ಪ್ರಸಂಗ ತಪ್ಪುತ್ತದೆ.

ಮನ್ನಾ ಎಂಬುದು ವಿಮೆಯಲ್ಲ

ಹಾನಿ ಮನ್ನಾ ಎಂಬುದು ಬಾಡಿಗೆ ಕಂಪನಿಯು ಕರಾರಿನ ಮೂಲಕ ಕೊಡುವ ರಿಯಾಯಿತಿ. ಕರಾರಿನ ಷರತ್ತು ಮುರಿದರೆ ರಿಯಾಯಿತಿಯೂ ಇಲ್ಲವಾಗುತ್ತದೆ. ಮಂಡಿಯ ಸಾಲದಲ್ಲಿ ‘ಹೇಳಿದ ದಿನಕ್ಕೆ ಕಟ್ಟಿದರೆ ಬಡ್ಡಿ ಮನ್ನಾ’ ಎಂದು ಒಪ್ಪಿಕೊಂಡಂತೆ ಇದು. ದಿನ ಮೀರಿದರೆ ಬಡ್ಡಿ ಪೂರ್ತಿ ನಿಂತಿರುತ್ತದೆ.

ಸಾಮಾನ್ಯವಾಗಿ ಮನ್ನಾ ರದ್ದಾಗುವ ಸಂದರ್ಭಗಳು ಇವು: ಕರಾರುಪತ್ರದಲ್ಲಿ ಹೆಸರಿಲ್ಲದವರು ಕಾರು ಚಲಾಯಿಸಿದಾಗ, ಮದ್ಯ ಸೇವಿಸಿ ಚಲಾಯಿಸಿದಾಗ, ನಿಷೇಧಿಸಿದ ಕಚ್ಚಾ ರಸ್ತೆಯಲ್ಲಿ ಓಡಿಸಿದಾಗ, ಅನುಮತಿಯಿಲ್ಲದೆ ಗಡಿ ದಾಟಿ ಬೇರೆ ದೇಶಕ್ಕೆ ಕೊಂಡೊಯ್ದಾಗ, ಕೀಲಿಯನ್ನು ಕಾರಿನಲ್ಲಿಯೇ ಬಿಟ್ಟು ಕಳವಾದಾಗ, ಪೆಟ್ರೋಲ್ ಕಾರಿಗೆ ಡೀಸೆಲ್ ಹಾಕಿದಾಗ. ನಮ್ಮ ಊರುಗಳಲ್ಲಿ ದೂರದ ಪ್ರಯಾಣದಲ್ಲಿ ಒಬ್ಬರಿಗೆ ದಣಿವಾದರೆ ಇನ್ನೊಬ್ಬರು ಸ್ಟಿಯರಿಂಗ್ ಹಿಡಿಯುವುದು ಸಹಜ. ಅಲ್ಲಿ ಎರಡನೆಯ ಚಾಲಕನ ಹೆಸರನ್ನು, ಶುಲ್ಕ ತೆರಬೇಕಾದರೂ, ಕರಾರುಪತ್ರದಲ್ಲಿ ಸೇರಿಸದೆ ಹಾಗೆ ಮಾಡುವಂತಿಲ್ಲ.

ಮನ್ನಾ ಊರ್ಜಿತದಲ್ಲಿದ್ದಾಗಲೂ ಟೈರು, ಗಾಜು, ಕಾರಿನ ತಳಭಾಗ ಮತ್ತು ಮೇಲ್ಛಾವಣಿಗಳ ಹಾನಿಯನ್ನು ಅನೇಕ ಕರಾರುಗಳು ಹೊರಗಿಡುತ್ತವೆ. ಮನ್ನಾ ಇಲ್ಲದಿದ್ದರೆ ದುರಸ್ತಿಯ ವೆಚ್ಚದ ಜೊತೆಗೆ, ದುರಸ್ತಿಯ ದಿನಗಳಲ್ಲಿ ಕಾರು ಬಾಡಿಗೆಗೆ ಹೋಗದ ನಷ್ಟ, ಆಡಳಿತ ಶುಲ್ಕ, ಅಪಘಾತದಿಂದ ಕುಸಿದ ಕಾರಿನ ಮಾರಾಟ ಬೆಲೆ ಇವುಗಳನ್ನೂ ಕೇಳುವ ಪದ್ಧತಿ ಇದೆ.

ಎಕ್ಸೆಸ್ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಸರಳ ಲೆಕ್ಕ: ಎಕ್ಸೆಸ್ 1,500 ಯೂರೊ ಎಂದಿರಲಿ. ಹಾನಿ 900 ಯೂರೊ ಆದರೆ ಅಷ್ಟನ್ನೂ ಗ್ರಾಹಕನೇ ಕೊಡಬೇಕು. ಹಾನಿ 6,000 ಯೂರೊ ಆದರೆ ಗ್ರಾಹಕ 1,500 ಕೊಟ್ಟು, ಉಳಿದ 4,500 ಕಂಪನಿಗೆ ಬಿಡಬಹುದು. ಚಿಕ್ಕ ಗೀರುಗಳೇ ಹೆಚ್ಚಾಗಿ ಸಂಭವಿಸುವುದರಿಂದ ಎಕ್ಸೆಸ್ ದೊಡ್ಡದಿದ್ದಷ್ಟೂ ಮನ್ನಾದ ಪ್ರಯೋಜನ ಕಡಿಮೆ. ಎಕ್ಸೆಸ್ಸನ್ನು ಶೂನ್ಯಕ್ಕೆ ಇಳಿಸುವ ಹೆಚ್ಚುವರಿ ರಕ್ಷಣೆಯನ್ನು ಕೌಂಟರಿನಲ್ಲಿ ಮಾರಲಾಗುತ್ತದೆ. ಪ್ರತ್ಯೇಕ ವಿಮಾ ಕಂಪನಿಗಳೂ ಎಕ್ಸೆಸ್ ವಿಮೆ ಮಾರುತ್ತವೆ. ಆದರೆ ಅಲ್ಲಿ ಗ್ರಾಹಕ ಮೊದಲು ಹಣ ಕಟ್ಟಿ ಆಮೇಲೆ ಮರುಪಾವತಿ ಪಡೆಯಬೇಕು.

ದೇಶದಿಂದ ದೇಶಕ್ಕೆ

ಯೂರೋಪ್ ಒಕ್ಕೂಟ: ಇಲ್ಲಿ ಚಿಂತೆಯ ಕ್ರಮ ಅಮೆರಿಕಕ್ಕೆ ವಿರುದ್ಧ. ಮೂರನೆಯ ವ್ಯಕ್ತಿಯ ವಿಮೆ ಬಾಡಿಗೆಯಲ್ಲಿಯೇ ಸೇರಿರುತ್ತದೆ ಮತ್ತು ಅದರ ಮೊತ್ತ ದೊಡ್ಡದು. ಒಕ್ಕೂಟವು 2021ರಲ್ಲಿ ತಿದ್ದಿದ ನಿರ್ದೇಶನದಂತೆ ಗಾಯಗಳಿಗೆ ಕನಿಷ್ಠ ರಕ್ಷಣೆ ಒಬ್ಬರಿಗೆ 13 ಲಕ್ಷ ಯೂರೊ ಅಥವಾ ಒಂದು ಅಪಘಾತಕ್ಕೆ 64.5 ಲಕ್ಷ ಯೂರೊ. ಆಸ್ತಿ ಹಾನಿಗೆ ಒಂದು ಅಪಘಾತಕ್ಕೆ 13 ಲಕ್ಷ ಯೂರೊ. ಇಲ್ಲಿ ಗಮನಿಸಬೇಕಾದದ್ದು ಎಕ್ಸೆಸ್ಸಿನ ಗಾತ್ರ ಮತ್ತು ಗಡಿ ದಾಟುವ ಅನುಮತಿ.

ಬ್ರಿಟನ್: ಅಲ್ಲಿನ ಕಡ್ಡಾಯ ವಿಮೆಯಲ್ಲಿ ಮೂರನೆಯ ವ್ಯಕ್ತಿಯ ಗಾಯ ಮತ್ತು ಸಾವಿಗೆ ನಮ್ಮಲ್ಲಿಯಂತೆಯೇ ಮೇಲ್ಮಿತಿ ಇಲ್ಲ. ವಾಹನಗಳು ಎಡಬದಿಯಲ್ಲಿ ಸಾಗುವುದರಿಂದ ಭಾರತೀಯರಿಗೆ ಚಾಲನೆಯೂ ಒಗ್ಗುತ್ತದೆ. ಅಮೆರಿಕ, ಯೂರೋಪಿನ ಬಹುತೇಕ ದೇಶಗಳು ಮತ್ತು ಕೊಲ್ಲಿ ರಾಷ್ಟ್ರಗಳಲ್ಲಿ ವಾಹನಗಳು ಬಲಬದಿಯಲ್ಲಿ ಸಾಗುತ್ತವೆ ಎಂಬುದನ್ನು ಮರೆಯಬಾರದು.

ಸಂಯುಕ್ತ ಅರಬ್ ಸಂಸ್ಥಾನಗಳು: ಇಲ್ಲಿ ಪೊಲೀಸ್ ವರದಿಯೇ ಸರ್ವಸ್ವ. ಗೀರು ಎಷ್ಟೇ ಚಿಕ್ಕದಾದರೂ ಪೊಲೀಸ್ ವರದಿಯಿಲ್ಲದೆ ಗ್ಯಾರೇಜಿನವರು ದುರಸ್ತಿ ಮಾಡುವಂತಿಲ್ಲ. ವರದಿಯಿಲ್ಲದಿದ್ದರೆ ವಿಮೆಯೂ ನಡೆಯದು. ‘ಪರಸ್ಪರ ಮಾತಾಡಿ ಮುಗಿಸಿಕೊಳ್ಳುವ’ ಪದ್ಧತಿ ಅಲ್ಲಿ ಸಲ್ಲದು. ದುಬೈಯ ಸಾಲಿಕ್ ಎಂಬ ರಸ್ತೆ ಸುಂಕ ಮತ್ತು ಸಂಚಾರ ದಂಡಗಳು ಆನಂತರ ಗ್ರಾಹಕನ ಲೆಕ್ಕಕ್ಕೆ ಬರುತ್ತವೆ. ಯಾವ ವಿಮೆಯೂ ದಂಡವನ್ನು ಭರಿಸುವುದಿಲ್ಲ.

ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್: ಆಸ್ಟ್ರೇಲಿಯದ ಕಡ್ಡಾಯ ವಿಮೆ ವಾಹನ ನೋಂದಣಿಯೊಂದಿಗೆ ಬೆಸೆದುಕೊಂಡಿದ್ದು, ಮನುಷ್ಯರ ಗಾಯಗಳಿಗೆ ಮಾತ್ರ ಅನ್ವಯಿಸುತ್ತದೆ, ಎದುರಿನ ಕಾರಿನ ಹಾನಿಗೆ ಬೇರೆ ರಕ್ಷಣೆ ಬೇಕು. ನ್ಯೂಜಿಲೆಂಡಿನಲ್ಲಿ 1974ರಿಂದ ಅಪಘಾತ ಪರಿಹಾರ ನಿಗಮವು ತಪ್ಪು ಯಾರದೆಂದು ನೋಡದೆ ಗಾಯಾಳುಗಳ ಚಿಕಿತ್ಸೆಗೆ ನೆರವಾಗುತ್ತಿದ್ದು, ಪ್ರವಾಸಿಗರಿಗೂ ಅದು ಅನ್ವಯಿಸುತ್ತದೆ. ಆದರೆ ಅಲ್ಲಿ ವಾಹನದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಲ್ಲ. ಇತರರ ಆಸ್ತಿಗೆ ಆಗುವ ಹಾನಿಯ ಬಗ್ಗೆ ಕರಾರುಪತ್ರವನ್ನು ಓದಿಯೇ ತಿಳಿಯಬೇಕು.

ಚೀನಾ: ಗುವಾಂಗ್‌ಝೌ ನಗರದ ಕ್ಯಾಂಟನ್ ಮೇಳಕ್ಕೆ ಹೋಗುವ ವರ್ತಕರು ಅಲ್ಲಿ ಸ್ವತಃ ಕಾರು ಓಡಿಸುವ ಯೋಚನೆ ಬಿಡುವುದು ಒಳಿತು. ಚೀನಾ ದೇಶವು ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಮಾನ್ಯ ಮಾಡುವುದಿಲ್ಲ. ಚಾಲಕನ ಸಮೇತ ಕಾರು ಪಡೆಯುವುದೇ ಅಲ್ಲಿ ಸೂಕ್ತ.

ನೇಪಾಳ ಮತ್ತು ಭೂತಾನ: ಸ್ವಂತ ಕಾರಿನಲ್ಲಿಯೇ ಪಶುಪತಿನಾಥನ ದರ್ಶನಕ್ಕೆ ಹೊರಡುವವರ ಪ್ರಶ್ನೆ ಬೇರೆ. ಭಾರತದ ವಾಹನ ವಿಮೆ ಭಾರತದ ಗಡಿಯೊಳಗೆ ಮಾತ್ರ ಊರ್ಜಿತ. ಹೆಚ್ಚುವರಿ ಪ್ರೀಮಿಯಂ ಕಟ್ಟಿದರೆ ನೇಪಾಳ, ಭೂತಾನ, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್ ಮತ್ತು ಪಾಕಿಸ್ತಾನಗಳಿಗೆ ಅದನ್ನು ವಿಸ್ತರಿಸಿಕೊಳ್ಳುವ ಅವಕಾಶವಿದೆ. ಈ ಹಿಂಬರಹವನ್ನು ಪ್ರಯಾಣಕ್ಕೆ ಮುನ್ನವೇ ಮಾಡಿಸಬೇಕು.

ಮಕ್ಕಳ ಮನೆಗೆ ಹೋದಾಗ

ಮಗ ಅಥವಾ ಮಗಳು ತಮ್ಮ ಹೆಸರಿನಲ್ಲಿ ಕಾರು ಬಾಡಿಗೆಗೆ ಪಡೆದು, ನಡುದಾರಿಯಲ್ಲಿ ತಂದೆಯವರಿಗೆ ಓಡಿಸಲು ಕೊಡುವುದು ಸಾಮಾನ್ಯ. ಇಲ್ಲಿ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ತಂದೆಯವರ ಹೆಸರು ಕರಾರುಪತ್ರದಲ್ಲಿ ಹೆಚ್ಚುವರಿ ಚಾಲಕರಾಗಿ ಇದೆಯೇ? ಮಕ್ಕಳ ಸ್ವಂತ ವಾಹನ ವಿಮೆಯು ತಂದೆಯವರು ಚಾಲಕರಾಗಿದ್ದಾಗಲೂ ಅನ್ವಯಿಸುತ್ತದೆಯೇ? ಎರಡನೆಯ ಪ್ರಶ್ನೆಗೆ ಮಕ್ಕಳ ವಿಮಾ ಕಂಪನಿಯಿಂದ ಲಿಖಿತ ಉತ್ತರ ಪಡೆಯುವುದು ಕ್ಷೇಮ. ಮಕ್ಕಳ ಸ್ವಂತ ಕಾರನ್ನೇ ಬಳಸುವುದಾದರೂ, ಆರು ತಿಂಗಳು ಅದೇ ಮನೆಯಲ್ಲಿ ಉಳಿಯುವವರ ಹೆಸರನ್ನು ವಿಮಾಪತ್ರದಲ್ಲಿ ಸೇರಿಸಬೇಕೇ ಎಂದು ಕೇಳಿ ತಿಳಿಯಬೇಕು. ಕೆಲವು ದೇಶಗಳಲ್ಲಿ ಬಾಡಿಗೆ ಕಂಪನಿಗಳು ಚಾಲಕನ ಗರಿಷ್ಠ ವಯಸ್ಸನ್ನೂ ನಿಗದಿಪಡಿಸುವುದರಿಂದ ಹಿರಿಯರು ಇದನ್ನು ಮೊದಲೇ ವಿಚಾರಿಸತಕ್ಕದ್ದು.

ಪ್ರವಾಸ ವಿಮೆ, ಕ್ರೆಡಿಟ್ ಕಾರ್ಡು ಮತ್ತು ಪರವಾನಗಿ

ಭಾರತದ ಕಂಪನಿಗಳಿಂದ ಕೊಳ್ಳುವ ವಿದೇಶ ಪ್ರವಾಸ ವಿಮೆಯಲ್ಲಿ ‘ವೈಯಕ್ತಿಕ ಹೊಣೆಗಾರಿಕೆ’ ಎಂಬ ಶೀರ್ಷಿಕೆಯ ಎದುರು ದೊಡ್ಡ ಮೊತ್ತ ಕಾಣಿಸುತ್ತದೆ. ಅದನ್ನು ನೋಡಿ ರಸ್ತೆ ಅಪಘಾತಕ್ಕೂ ಇದು ಸಾಕೆಂದು ಭಾವಿಸುವುದು ತಪ್ಪು. ಮೋಟಾರು ವಾಹನದ ಬಳಕೆಯಿಂದ ಉಂಟಾಗುವ ಹೊಣೆಯನ್ನು ಅದು ಸಾಮಾನ್ಯವಾಗಿ ಹೊರಗಿಡುತ್ತದೆ. ಕೆಲವು ಪಾಲಿಸಿಗಳಲ್ಲಿ ಬಾಡಿಗೆ ಕಾರಿನ ಎಕ್ಸೆಸ್‌ಗೆ ರಕ್ಷಣೆ ಇರಬಹುದು. ‘ಹೊರಗಿಟ್ಟ ಸಂಗತಿಗಳು’ ಎಂಬ ಪುಟವನ್ನು ಓದದೆ ಯಾವುದನ್ನೂ ನಂಬಬಾರದು. ಭಾರತದ ವಿಮಾ ಕಂಪನಿಯೊಂದಿಗೆ ತಕರಾರು ಬಂದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಶುಲ್ಕವಿಲ್ಲದೆ ದೂರು ಕೊಡಬಹುದು; ವಿದೇಶದ ಬಾಡಿಗೆ ಕಂಪನಿಯ ಮನ್ನಾದ ಬಗ್ಗೆ ಅಲ್ಲಿ ದೂರು ನಡೆಯುವುದಿಲ್ಲ.

ಬಾಡಿಗೆ ಕಂಪನಿಗಳು ಠೇವಣಿಯ ರೂಪದಲ್ಲಿ ಕ್ರೆಡಿಟ್ ಕಾರ್ಡಿನ ಒಂದು ಮೊತ್ತವನ್ನು ತಡೆಹಿಡಿಯುತ್ತವೆ. ಎಕ್ಸೆಸ್ ಹೆಚ್ಚಿದ್ದರೆ ಠೇವಣಿಯೂ ಹೆಚ್ಚು. ಅನೇಕ ಕಡೆ ಡೆಬಿಟ್ ಕಾರ್ಡನ್ನು ಒಪ್ಪುವುದಿಲ್ಲ. ಕಾರ್ಡು ಮುಖ್ಯ ಚಾಲಕನ ಹೆಸರಿನಲ್ಲಿಯೇ ಇರಬೇಕು. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದಿಂದಾಗಿ ಹೊಸ ಕಾರ್ಡುಗಳು ಆರಂಭದಲ್ಲಿ ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ. ವಿದೇಶಿ ಬಳಕೆಯನ್ನು ಗ್ರಾಹಕನೇ ಕೇಳಿ ತೆರೆಸಬೇಕು. ಕಾರ್ಡಿನೊಂದಿಗೆ ಬಾಡಿಗೆ ಕಾರಿನ ವಿಮೆ ಉಚಿತ ಎಂಬ ಮಾತು ಅಮೆರಿಕದ ಕೆಲವು ಕಾರ್ಡುಗಳಿಗೆ ನಿಜ; ಅದೂ ಕಾರಿನ ಹಾನಿಗೆ ಮಾತ್ರ. ನಮ್ಮ ಬ್ಯಾಂಕಿನ ಕಾರ್ಡಿಗೆ ಅದು ಇದೆಯೇ ಎಂಬುದನ್ನು ಬರಹದಲ್ಲಿ ನೋಡಿಯೇ ನಂಬಬೇಕು.

ಇವೆಲ್ಲಕ್ಕೂ ತಳಹದಿ ಚಾಲನಾ ಪರವಾನಗಿ. ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು, ರಸ್ತೆ ಸಂಚಾರದ ಬಗ್ಗೆ 1949ರಲ್ಲಿ ಜಿನೀವಾದಲ್ಲಿ ಆದ ಒಪ್ಪಂದದ ಅನ್ವಯ, ಪ್ರಾದೇಶಿಕ ಸಾರಿಗೆ ಕಚೇರಿ ನೀಡುತ್ತದೆ. ಅದರ ಅವಧಿ ಒಂದು ವರ್ಷ. ಊರಿನ ಮೂಲ ಪರವಾನಗಿಯೂ ಜೊತೆಯಲ್ಲಿರಲೇಬೇಕು. ಒಂದಿಲ್ಲದೆ ಇನ್ನೊಂದು ನಡೆಯದು. ಆ ದೇಶದ ಕಾನೂನಿಗೆ ಒಪ್ಪುವ ಪರವಾನಗಿ ಇಲ್ಲದ ಚಾಲಕನಿಗೆ ಹಾನಿ ಮನ್ನಾವೂ ಇಲ್ಲ, ವಿಮೆಯ ಭರವಸೆಯೂ ಇಲ್ಲ.

ಊರಿಗೆ ಮರಳಿದರೆ ಮುಗಿಯಿತೇ?

ವಿಮಾನ ಹತ್ತಿ ಊರಿಗೆ ಬಂದರೆ ವಿದೇಶದ ತಕರಾರು ಅಲ್ಲಿಯೇ ಉಳಿಯುತ್ತದೆ ಎಂಬ ಭಾವನೆ ವರ್ತಕರಲ್ಲಿಯೂ ಇದೆ. ಕಾನೂನು ಹಾಗೆ ಹೇಳುವುದಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನ ಪ್ರಕಾರ, ಭಾರತ ಸರ್ಕಾರವು ಅಧಿಸೂಚಿಸಿರುವ ದೇಶಗಳ ಮೇಲ್ದರ್ಜೆಯ ನ್ಯಾಯಾಲಯಗಳ ಹಣದ ಡಿಕ್ರಿಯನ್ನು ಇಲ್ಲಿನ ಜಿಲ್ಲಾ ನ್ಯಾಯಾಲಯದ ಡಿಕ್ರಿಯಂತೆಯೇ ಜಾರಿ ಮಾಡಬಹುದು. ಬ್ರಿಟನ್, ಸಿಂಗಪುರ, ನ್ಯೂಜಿಲೆಂಡ್ ಈ ಪಟ್ಟಿಯಲ್ಲಿವೆ. ಸಂಯುಕ್ತ ಅರಬ್ ಸಂಸ್ಥಾನಗಳನ್ನು 2020ರ ಜನವರಿಯಲ್ಲಿ ಸೇರಿಸಲಾಯಿತು. ಅಮೆರಿಕ ಈ ಪಟ್ಟಿಯಲ್ಲಿಲ್ಲ. ಆದರೂ ಅಲ್ಲಿನ ತೀರ್ಪಿನ ಆಧಾರದ ಮೇಲೆ ಭಾರತದಲ್ಲಿ ಹೊಸ ದಾವೆ ಹೂಡುವ ಹಕ್ಕು ಗೆದ್ದವರಿಗೆ ಇದೆ. ಸಂಹಿತೆಯ 13ನೇ ಕಲಮಿನಲ್ಲಿ ಹೇಳಿರುವ ದೋಷಗಳು ಆ ತೀರ್ಪಿನಲ್ಲಿ ಇಲ್ಲದಿದ್ದರೆ ಅದನ್ನು ಸುಲಭವಾಗಿ ತಳ್ಳಿಹಾಕಲಾಗದು.

ಪಾಲುದಾರಿಕೆಯಲ್ಲಿ ಮಂಡಿ ಅಥವಾ ಗಿರಣಿ ನಡೆಸುವವರಿಗೆ ಇನ್ನೊಂದು ಎಚ್ಚರಿಕೆ. 1932ರ ಭಾರತೀಯ ಪಾಲುದಾರಿಕೆ ಕಾಯಿದೆಯ 26ನೇ ಕಲಮಿನ ಪ್ರಕಾರ, ಸಂಸ್ಥೆಯ ಸಹಜ ವ್ಯವಹಾರದಲ್ಲಿ ಅಥವಾ ಇತರ ಪಾಲುದಾರರ ಅಧಿಕಾರದ ಮೇರೆಗೆ ವರ್ತಿಸುವಾಗ ಒಬ್ಬ ಪಾಲುದಾರನ ತಪ್ಪಿನಿಂದ ಮೂರನೆಯ ವ್ಯಕ್ತಿಗೆ ಹಾನಿಯಾದರೆ, ಆ ಪಾಲುದಾರನಷ್ಟೇ ಸಂಸ್ಥೆಯೂ ಹೊಣೆ. ಖರೀದಿದಾರರ ಭೇಟಿಗೆಂದು ಸಂಸ್ಥೆಯ ಪರವಾಗಿ ಹೋದ ಅಣ್ಣ ಅಲ್ಲಿ ಕಾರು ಓಡಿಸುವಾಗ ಮಾಡಿದ ತಪ್ಪಿಗೆ, ಊರಿನಲ್ಲಿ ಗಲ್ಲಾ ನೋಡಿಕೊಳ್ಳುತ್ತಿರುವ ತಮ್ಮನ ಪಾಲೂ ತೂಗುಗತ್ತಿಯ ಕೆಳಗೆ ಬರಬಹುದು. ದಿನಕ್ಕೆ ಕೆಲವು ಡಾಲರುಗಳ ಹೊಣೆಗಾರಿಕೆ ವಿಮೆಯನ್ನು ಸಂಸ್ಥೆಯ ಖರ್ಚೆಂದು ಮೊದಲೇ ಮಂಜೂರು ಮಾಡಿಕೊಂಡು ಹೊರಡುವುದು ಎಲ್ಲ ಪಾಲುದಾರರ ಹಿತಕ್ಕೆ ಒಳ್ಳೆಯದು.

ಪಾಲಿಸಬೇಕಾದ ಕ್ರಮಗಳು

ಹೊರಡುವ ಮುನ್ನ
1. ಹೋಗುವ ದೇಶದಲ್ಲಿ ಮೂರನೆಯ ವ್ಯಕ್ತಿಯ ರಕ್ಷಣೆ ಬಾಡಿಗೆಯಲ್ಲಿ ಸೇರಿದೆಯೇ, ಎಷ್ಟು ಮೊತ್ತಕ್ಕೆ ಎಂಬುದನ್ನು ಮೊದಲು ತಿಳಿಯುವುದು.
2. ಎಕ್ಸೆಸ್ ಮತ್ತು ಠೇವಣಿಯ ಮೊತ್ತ ನೋಡುವುದು. ಕ್ರೆಡಿಟ್ ಕಾರ್ಡಿನ ಮಿತಿ ಸಾಲುತ್ತದೆಯೇ ಎಂದು ಪರಿಶೀಲಿಸುವುದು.
3. ಅಂತರರಾಷ್ಟ್ರೀಯ ಪರವಾನಗಿ ಪಡೆದು, ಮೂಲ ಪರವಾನಗಿಯ ಅವಧಿಯನ್ನೂ ನೋಡಿಕೊಳ್ಳುವುದು.
4. ಪ್ರವಾಸ ವಿಮೆಯ ‘ಹೊರಗಿಟ್ಟ ಸಂಗತಿಗಳು’ ಪುಟವನ್ನು ಓದುವುದು.

ಕಾರು ಪಡೆಯುವಾಗ
5. ಕಾರಿನ ಸುತ್ತಲೂ, ಗಾಜು, ಚಕ್ರ, ಮೇಲ್ಛಾವಣಿಗಳ ಛಾಯಾಚಿತ್ರ ತೆಗೆದು, ಹಳೆಯ ಗೀರುಗಳನ್ನು ಕರಾರುಪತ್ರದಲ್ಲಿ ಬರೆಸುವುದು.
6. ಚಾಲನೆ ಮಾಡಲಿರುವ ಎಲ್ಲರ ಹೆಸರನ್ನೂ ಸೇರಿಸುವುದು.
7. ಬೇಡವೆಂದ ರಕ್ಷಣೆಗಳು ಪಟ್ಟಿಯಲ್ಲಿ ಸೇರಿವೆಯೇ ಎಂದು ಸಹಿಗೆ ಮುನ್ನ ನೋಡುವುದು.

ಅಪಘಾತವಾದಾಗ
8. ಗಾಯಾಳುಗಳಿಗೆ ನೆರವು ಕರೆಸಿ, ಪೊಲೀಸರಿಗೂ ಬಾಡಿಗೆ ಕಂಪನಿಗೂ ತಕ್ಷಣ ತಿಳಿಸುವುದು. ವರದಿಯ ಪ್ರತಿ ಪಡೆಯುವುದು.
9. ಸ್ಥಳದಲ್ಲಿ ತಪ್ಪೊಪ್ಪಿಗೆಯ ಕಾಗದಕ್ಕೆ ಸಹಿ ಹಾಕದಿರುವುದು. ಹಣ ಕೊಟ್ಟು ರಾಜಿ ಮಾಡಿಕೊಳ್ಳದಿರುವುದು.

ಹಿಂದಿರುಗಿಸುವಾಗ
10. ಸಿಬ್ಬಂದಿಯ ಎದುರಿನಲ್ಲಿಯೇ ಕಾರನ್ನು ಒಪ್ಪಿಸಿ, ಹಾನಿಯಿಲ್ಲವೆಂಬ ಬರಹ ಪಡೆಯುವುದು. ಕಚೇರಿ ಮುಚ್ಚಿದ ಮೇಲೆ ಕೀಲಿಯನ್ನು ಪೆಟ್ಟಿಗೆಗೆ ಹಾಕಿ ಬಂದರೆ, ಮರುದಿನ ಬಾಗಿಲು ತೆರೆಯುವವರೆಗೆ ಹೊಣೆ ಗ್ರಾಹಕನದೇ ಎಂದು ಅನೇಕ ಕರಾರುಗಳು ಹೇಳುತ್ತವೆ.
11. ಊರಿಗೆ ಬಂದ ಮೇಲೆಯೂ ಕೆಲವು ತಿಂಗಳು ಕಾರ್ಡಿನ ಲೆಕ್ಕಪಟ್ಟಿ ಗಮನಿಸುವುದು; ಕಾಗದಪತ್ರ, ಛಾಯಾಚಿತ್ರಗಳನ್ನು ಕಾಪಾಡಿಕೊಳ್ಳುವುದು.

ಸರಕು ಲಾರಿಗೆ ಏರುವ ಮುನ್ನ ತೂಕ, ತೇವಾಂಶ, ದರ ಮೂರನ್ನೂ ನೋಡಿ ಚೀಟಿ ಬರೆಸುವ ವರ್ತಕರಿಗೆ ಕರಾರುಪತ್ರ ಓದುವುದು ಹೊಸ ವಿದ್ಯೆಯೇನಲ್ಲ. ಅದೇ ಎಚ್ಚರವನ್ನು ಪರದೇಶದ ಕೌಂಟರಿನ ಮುಂದೆಯೂ ತೋರಿಸಬೇಕು. ಮೊದಲು ರಸ್ತೆಯಲ್ಲಿರುವ ಇನ್ನೊಬ್ಬ ಮನುಷ್ಯನಿಗೆ ರಕ್ಷಣೆ, ಆಮೇಲೆ ಕಾರಿಗೆ ರಕ್ಷಣೆ ಎಂಬ ಕ್ರಮವನ್ನು ಪಾಲಿಸಿದವರು ಕಾರನ್ನು ನಿಶ್ಚಿಂತೆಯಿಂದ ಓಡಿಸಬಹುದು.